ಮಿದುಳಿನಲ್ಲಿ ಮಾತಿನ ನೆಲೆ

‘ಮಾತು ಬಿದ್ದುಹೋಯಿತು’ ಎಂದು ನಮ್ಮ ತುಮಕೂರಿನ ಕಡೆ ಹಿರಿಯರು ಹೇಳುವುದುಂಟು. ಲಕ್ವ ಹೊಡೆದವರ ವಿಷಯದಲ್ಲಿ ಈ ಮಾತನ್ನು ನಾವು ಚಿಕ್ಕಂದಿನಲ್ಲಿ ಎಷ್ಟೋ ಸಲ ಕೇಳಿದ್ದೆವು. ಬಿದ್ದುಹೋದ ಮಾತು ಎಲ್ಲಿ ಹೋಗುತ್ತದೆ, ಅದಕ್ಕೂ ಮೊದಲು ಅದು ಎಲ್ಲಿತ್ತು ಎಂದು ಮಾತ್ರ ಎಂದೂ ಯೋಚಿಸಿದವರಲ್ಲ. ಮೂರು ವರ್ಷಗಳ ಹಿಂದೆ ನಮ್ಮ ಮನೆಯಲ್ಲಿಯೇ ಆ ಪ್ರಶ್ನೆ ಎದುರಾಯಿತು.

ನಮ್ಮ ತಂದೆಯವರು ಊರಿನಲ್ಲಿ ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಹೇಳಿದವರು. ನಿವೃತ್ತರಾದ ಮೇಲೆ ನಮ್ಮೊಡನೆ ದೆಹಲಿಗೆ ಬಂದು, ತರಕಾರಿಯವನೊಡನೆ ಚೌಕಾಸಿ ಮಾಡುವಷ್ಟು ಹಿಂದಿಯನ್ನೂ ಕಲಿತರು. ಒಂದು ಬೆಳಿಗ್ಗೆ ಕಾಫಿ ಕುಡಿಯುತ್ತಿದ್ದಾಗ ಲೋಟ ಬಲಗೈಯಿಂದ ಜಾರಿ ಬಿತ್ತು. ಬಾಯಿ ಒಂದು ಪಕ್ಕಕ್ಕೆ ವಾಲಿತು. ಆಸ್ಪತ್ರೆಗೆ ಸೇರಿಸಿದೆವು. ಅಲ್ಲಿಯ ಎಳೆಯ ವೈದ್ಯರು ಮೊದಲು ಹಿಂದಿಯಲ್ಲಿಯೂ ಆಮೇಲೆ ಇಂಗ್ಲಿಷಿನಲ್ಲಿಯೂ ಕೈ ಎತ್ತುವಂತೆ ಹೇಳಿದರು. ತಂದೆಯವರು ಸುಮ್ಮನೆ ನೋಡುತ್ತ ಮಲಗಿದ್ದರು. ‘ರೋಗಿಗೆ ಮಾತು ಅರ್ಥವಾಗುತ್ತಿಲ್ಲ’ ಎಂದು ಕಾಗದದಲ್ಲಿ ಬರೆದುಕೊಂಡು ಹೋದರು. ರಾತ್ರಿ ನಮ್ಮ ಮನೆಯವರು ಹಾಸಿಗೆಯ ಬಳಿ ಬಗ್ಗಿ, “ಮಾವ, ಎಡಗೈ ಎತ್ತಿ ನೋಡೋಣ” ಎಂದರು. ಎಡಗೈ ಮೇಲೆದ್ದಿತು. ಯಾರನ್ನೂ ದೂರುವುದು ನಮ್ಮ ಉದ್ದೇಶವಲ್ಲ. ದಿನಕ್ಕೆ ನೂರಾರು ರೋಗಿಗಳನ್ನು ನೋಡುವ ಕಡೆ ಹೀಗಾಗುವುದು ಸಹಜವೇ. ಆದರೆ ಆ ಎಡಗೈ ನಮ್ಮನ್ನು ಓದಲು ಹಚ್ಚಿತು. ನಾವು ಬಿ.ಎಸ್ಸಿ.ಯಲ್ಲಿ ಪ್ರಾಣಿಶಾಸ್ತ್ರ ಓದಿದವರಾದರೂ ಮಿದುಳಿನ ವಿಷಯದಲ್ಲಿ ಮಾಡಿದ್ದೆಂದರೆ ಕಪ್ಪೆಯ ಮಿದುಳಿನ ಚಿತ್ರ ಬರೆದು ಅಂಕ ಗಿಟ್ಟಿಸಿದ್ದಷ್ಟೇ. ಕಚೇರಿಯ ಕಡತಗಳ ನಡುವೆ ಬಿಡುವು ಮಾಡಿಕೊಂಡು ಓದಿದ್ದನ್ನು ನಮ್ಮಂತೆಯೇ ಹಿರಿಯರನ್ನು ಮನೆಯಲ್ಲಿಟ್ಟುಕೊಂಡಿರುವ ಬಂಧುಗಳ ಮುಂದಿಡುತ್ತಿದ್ದೇವೆ.

ಮನಸ್ಸಿನ ಮನೆ ಯಾವುದು ಎಂಬ ಬಗ್ಗೆ ಪ್ರಾಚೀನರಲ್ಲಿ ಒಮ್ಮತವಿರಲಿಲ್ಲ. ಗ್ರೀಸಿನ ಅರಿಸ್ಟಾಟಲನು ಹೃದಯವೆಂದನು. ಹಿಪ್ಪೊಕ್ರಾಟಿಸನ ಪರಂಪರೆಯ ವೈದ್ಯರು ಮಿದುಳೆಂದರು. ನಮ್ಮ ಕನ್ನಡವೂ ಎರಡೂ ಕಡೆ ನಿಂತಿದೆ. ಹೆದರಿದವನಿಗೆ ‘ಎದೆಗುಂದಬೇಡ’ ಎನ್ನುತ್ತೇವೆ, ಬುದ್ಧಿಗೆಟ್ಟವನಿಗೆ ‘ತಲೆ ಕೆಟ್ಟಿದೆಯೇ’ ಎನ್ನುತ್ತೇವೆ. ಮಾತನ್ನಂತೂ ನಾಲಿಗೆಯ ಮೇಲೆಯೇ ಇಟ್ಟುಬಿಟ್ಟಿದ್ದೇವೆ. ಮಾತು ಬಿದ್ದುಹೋದವನ ನಾಲಿಗೆ ಊಟಕ್ಕೆ ಚೆನ್ನಾಗಿಯೇ ಆಡುತ್ತದೆಯಲ್ಲ ಎಂಬ ಸರಳ ಸಂಗತಿಯನ್ನು ಹಿಡಿದು ವಿಚಾರಿಸಲು ಬಹಳ ಕಾಲ ಬೇಕಾಯಿತು.

ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಫ್ರಾನ್ಸ್ ಜೋಸೆಫ್ ಗಾಲ್ ಎಂಬ ವೈದ್ಯನು ಮಿದುಳಿನ ಒಂದೊಂದು ಭಾಗಕ್ಕೆ ಒಂದೊಂದು ಗುಣವನ್ನು ಹಂಚಿದನು. ಶಾಲೆಯಲ್ಲಿ ಬಾಯಿಪಾಠದಲ್ಲಿ ಮುಂದಿದ್ದ ಹುಡುಗರ ಕಣ್ಣುಗಳು ಉಬ್ಬಿದ್ದುವಂತೆ. ಆದ್ದರಿಂದ ಮಾತಿನ ಶಕ್ತಿ ಕಣ್ಣಿನ ಹಿಂದಿದೆ ಎಂದನು. ತಲೆಬುರುಡೆಯ ಉಬ್ಬುತಗ್ಗುಗಳನ್ನು ಸವರಿ ಗುಣ ಹೇಳುವ ಅವನ ವಿದ್ಯೆ ಸುಳ್ಳೆಂದು ಮುಂದೆ ಸಿದ್ಧವಾಯಿತು. ಆದರೂ ಮಿದುಳಿನ ಬೇರೆಬೇರೆ ಭಾಗಗಳಿಗೆ ಬೇರೆಬೇರೆ ಕೆಲಸ ಇರಬಹುದೆಂಬ ಅವನ ಮೂಲ ಕಲ್ಪನೆ ಉಳಿಯಿತು. 1825ರಲ್ಲಿ ಫ್ರೆಂಚ್ ವೈದ್ಯ ಬುಯೋ, ಮಾತಿನ ನೆಲೆ ಮಿದುಳಿನ ಮುಂಭಾಗದಲ್ಲಿದೆ ಎಂದು ರೋಗಿಗಳ ಆಧಾರದಿಂದ ವಾದಿಸಿದನು. ಪ್ಯಾರಿಸ್ಸಿನಲ್ಲಿ ಈ ಚರ್ಚೆ ಕಾವೇರಿದ್ದ 1861ರ ಏಪ್ರಿಲಿನಲ್ಲಿ ಒಬ್ಬ ಬಡ ರೋಗಿ ಅದಕ್ಕೆ ತಿರುವು ಕೊಟ್ಟನು.

ಅವನ ಹೆಸರು ಲೆಬೋರ್ನ್. ಬೂಟು ಹೊಲಿಯಲು ಬೇಕಾದ ಮರದ ಅಚ್ಚುಗಳನ್ನು ಮಾಡುವ ಕಸುಬಿನವನು. ಚಿಕ್ಕಂದಿನಿಂದ ಮೂರ್ಛೆರೋಗವಿತ್ತು. ಸುಮಾರು 30ನೆಯ ವಯಸ್ಸಿನಲ್ಲಿ ಮಾತು ನಿಂತು ಪ್ಯಾರಿಸ್ಸಿನ ಬಳಿಯ ಬಿಸೇತ್ರ ಆಸ್ಪತ್ರೆಗೆ ಸೇರಿದವನು ಅಲ್ಲಿಯೇ 21 ವರ್ಷ ಕಳೆದನು. ಏನು ಕೇಳಿದರೂ ‘ತಾನ್, ತಾನ್’ ಎಂಬುದೊಂದೇ ಉತ್ತರ. ಅಲ್ಲಿಯವರು ಅವನನ್ನು ತಾನ್ ಎಂದೇ ಕರೆದರು. ಜೊತೆಯ ರೋಗಿಗಳಿಗೆ ಅವನನ್ನು ಕಂಡರಾಗದು. ಸ್ವಾರ್ಥಿ, ಹಗೆ ಸಾಧಿಸುವವನು ಎಂದು ದೂರುತ್ತಿದ್ದರು. ವರ್ಷಗಳು ಕಳೆದಂತೆ ಬಲಗೈ, ಬಲಗಾಲುಗಳೂ ಸ್ವಾಧೀನ ತಪ್ಪಿದವು. ಕಾಲು ಕೊಳೆತು ಶಸ್ತ್ರವೈದ್ಯ ಪಾಲ್ ಬ್ರೋಕಾ ಅವರ ವಾರ್ಡಿಗೆ ಬಂದಾಗ ಅವನಿಗೆ 51 ವರ್ಷ.

ಬ್ರೋಕಾಗೆ ಆಗ 36. ಅವರು ಕಾಲನ್ನಷ್ಟೇ ನೋಡಲಿಲ್ಲ, ಮನುಷ್ಯನನ್ನೂ ಪರೀಕ್ಷಿಸಿದರು. ಆಸ್ಪತ್ರೆಗೆ ಬಂದು ಎಷ್ಟು ವರ್ಷವಾಯಿತು ಎಂದು ಕೇಳಿದಾಗ ಲೆಬೋರ್ನ್ ಎಡಗೈಯ ಐದು ಬೆರಳುಗಳನ್ನು ನಾಲ್ಕು ಸಲ ಬಿಚ್ಚಿ ತೋರಿಸಿ, ಕೊನೆಗೆ ಒಂದು ಬೆರಳು ಎತ್ತಿದನು. ನಾಲ್ಕೈದಲ ಇಪ್ಪತ್ತು, ಮೇಲೊಂದು. ಲೆಕ್ಕ ಸರಿಯಾಗಿತ್ತು! ತನ್ನ ಸಂಜ್ಞೆ ಎದುರಿನವರಿಗೆ ತಿಳಿಯದೆ ಹೋದರೆ ಸಿಟ್ಟಿಗೇಳುತ್ತಿದ್ದನು. ಆಗ ಮಾತ್ರ ಒಂದು ಬೈಗುಳ ನಿಚ್ಚಳವಾಗಿ ಬಾಯಿಂದ ಹೊರಡುತ್ತಿತ್ತು. ಏಪ್ರಿಲ್ 17ರಂದು ಅವನು ತೀರಿಕೊಂಡನು. ಮರುದಿನವೇ ಬ್ರೋಕಾ ಅವನ ಮಿದುಳನ್ನು ಪ್ಯಾರಿಸ್ಸಿನ ಮಾನವಶಾಸ್ತ್ರ ಸಂಘದ ಸದಸ್ಯರ ಮುಂದಿಟ್ಟರು. ಎಡ ಅರ್ಧಗೋಳದ ಮುಂಭಾಗದಲ್ಲಿ ಕೋಳಿಮೊಟ್ಟೆ ಹಿಡಿಯುವಷ್ಟು ಗುಳಿ ಬಿದ್ದಿತ್ತು. ಅದೇ ವರ್ಷ ಲೆಲಾಂಗ್ ಎಂಬ ಇನ್ನೊಬ್ಬ ವೃದ್ಧ ಸಿಕ್ಕಿದನು. ಅವನಲ್ಲಿ ಉಳಿದಿದ್ದುದು ಐದೇ ಶಬ್ದಗಳು; ಪೆಟ್ಟು ಬಿದ್ದಿದ್ದುದು ಹೆಚ್ಚುಕಡಿಮೆ ಅದೇ ಜಾಗಕ್ಕೆ. ಮತ್ತಷ್ಟು ರೋಗಿಗಳನ್ನು ನೋಡಿದ ಮೇಲೆ 1865ರಲ್ಲಿ ಬ್ರೋಕಾ, ನಾವು ಮಾತನಾಡುವುದು ಮಿದುಳಿನ ಎಡ ಅರ್ಧದಿಂದ ಎಂದು ಸಾರಿದರು. ಮಾರ್ಕ್ ಡಾಕ್ಸ್ ಎಂಬ ಊರಕಡೆಯ ವೈದ್ಯನು 1836ರಲ್ಲಿಯೇ ಇದನ್ನು ಬರೆದಿಟ್ಟಿದ್ದನೆಂದು ಅವನ ಮಗನು ಆಮೇಲೆ ಹಕ್ಕು ಸಾಧಿಸಿದ್ದೂ ಉಂಟು. ಬಲಗೈ ಬಳಸುವವರಲ್ಲಿ ನೂರಕ್ಕೆ 90ಕ್ಕೂ ಹೆಚ್ಚು ಮಂದಿಗೆ ಈ ಮಾತು ನಿಜ. ಎಡ ಮಿದುಳಿನ ನರಗಳು ದಾಟಿ ಹೋಗಿ ಬಲಮೈಯನ್ನು ಆಳುವುದರಿಂದ, ಬಲಗೈ ಬಿದ್ದವರಿಗೆ ಮಾತೂ ಬೀಳುವುದು ಹೆಚ್ಚು.

ಇದಾದ ಮೇಲೆ, 1874ರಲ್ಲಿ, ಕಾರ್ಲ್ ವರ್ನಿಕೆ ಎಂಬ 26 ವರ್ಷದ ಜರ್ಮನ್ ವೈದ್ಯನು ಇನ್ನೊಂದು ಬಗೆಯ ವಾಗ್ಲೋಪವನ್ನು ವಿವರಿಸಿದನು. ಈ ರೋಗಿಗಳು ಸರಾಗವಾಗಿ ಮಾತನಾಡುತ್ತಾರೆ, ಆದರೆ ಮಾತಿಗೆ ಅರ್ಥವಿರುವುದಿಲ್ಲ. ಬೇರೆಯವರು ಆಡಿದ್ದೂ ಅವರಿಗೆ ತಿಳಿಯುವುದಿಲ್ಲ. ಪೆಟ್ಟು ಇರುವುದು ಎಡ ಮಿದುಳಿನಲ್ಲಿಯೇ, ಆದರೆ ಹಿಂದಕ್ಕೆ, ಕಿವಿಯ ಮೇಲುಭಾಗದ ಸುತ್ತ. ಅಂದರೆ ಆಡುವುದಕ್ಕೂ ಅರಿಯುವುದಕ್ಕೂ ಬೇರೆ ನೆಲೆಗಳಿವೆ, ಅವುಗಳ ನಡುವೆ ನರಗಳ ದಾರಿಗಳಿವೆ ಎಂದಾಯಿತು. 2007ರಲ್ಲಿ ಲೆಬೋರ್ನನ ಮಿದುಳನ್ನು (ಅದನ್ನು ಪ್ಯಾರಿಸ್ಸಿನಲ್ಲಿ ಇನ್ನೂ ಕಾಪಾಡಿಕೊಂಡು ಬಂದಿದ್ದಾರೆ) ಎಂ.ಆರ್.ಐ. ಯಂತ್ರದಲ್ಲಿಟ್ಟು ನೋಡಿದಾಗ, ಪೆಟ್ಟು ಬ್ರೋಕಾ ಕಂಡದ್ದಕ್ಕಿಂತ ಬಹಳ ಆಳಕ್ಕೆ, ಈ ದಾರಿಗಳವರೆಗೂ ಇಳಿದಿದ್ದುದು ತಿಳಿಯಿತು. ಮಾತಿಗೆ ಮಿದುಳಿನಲ್ಲಿ ಒಂದು ಕೋಣೆಯಲ್ಲ, ಇಡೀ ವಠಾರವೇ ಇದೆ ಎನ್ನಬಹುದು. ಸುಮಾರು 8,600 ಕೋಟಿ ನರಕೋಶಗಳಿರುವ ಅಂಗದಲ್ಲಿ ಇದು ಆಶ್ಚರ್ಯವೂ ಅಲ್ಲ.

ಲೆಬೋರ್ನನ ಬೈಗುಳದ ಸಂಗತಿ ಕೂಡ ಸಣ್ಣದಲ್ಲ. ಯೋಚಿಸಿ ಕಟ್ಟುವ ಮಾತು ಬೇರೆ, ತಾನಾಗಿ ಉಕ್ಕುವ ಮಾತು ಬೇರೆ ಎಂದು ಇಂಗ್ಲೆಂಡಿನ ಹ್ಯೂಲಿಂಗ್ಸ್ ಜಾಕ್ಸನ್ ಆ ಕಾಲದಲ್ಲಿಯೇ ತೋರಿಸಿಕೊಟ್ಟರು. ಬೈಗುಳ, ಪ್ರಾರ್ಥನೆ, ಎಣಿಕೆ, ಹಾಡು ಇವು ಎರಡನೆಯ ಜಾತಿಗೆ ಸೇರಿದವು. ಮಾತು ಹೋದವರಲ್ಲಿಯೂ ಇವು ಉಳಿಯುವುದುಂಟು. ಮಾತೇ ಬಾರದ ಒಬ್ಬ ರೋಗಿ ಚರ್ಚಿನ ಸ್ತೋತ್ರಗಳನ್ನು ಹಾಡುತ್ತಿದ್ದನೆಂದು ಸ್ವೀಡನ್ನಿನಲ್ಲಿ 1745ರಲ್ಲಿಯೇ ಬರೆದಿಟ್ಟಿದ್ದಾರೆ. 1973ರಲ್ಲಿ ಅಮೆರಿಕದ ಬಾಸ್ಟನ್ನಿನ ವೈದ್ಯರು, ಮಾತನ್ನು ರಾಗದಲ್ಲಿ ಹೇಳಿಸಿ ಮರಳಿ ಕಲಿಸುವ ಚಿಕಿತ್ಸೆಯನ್ನೇ ರೂಪಿಸಿದರು. ನಮ್ಮ ತಂದೆಯವರು ‘ನೀರು’ ಎಂದು ಕೇಳಲಾರದೆ ಒದ್ದಾಡುತ್ತಿದ್ದ ದಿನಗಳಲ್ಲಿ, ‘ಎರಡೊಂದ್ಲ’ ಎಂದು ನಾವು ಎತ್ತಿಕೊಟ್ಟರೆ ಮಗ್ಗಿಯನ್ನು ಹತ್ತರವರೆಗೆ ಒಪ್ಪಿಸಿಬಿಡುತ್ತಿದ್ದರು. ಅದು ನಮಗೆ ಆಗ ಪವಾಡದಂತೆ ಕಂಡಿತು. ಅದರ ಹಿಂದೆ ಇಷ್ಟು ದೊಡ್ಡ ಚರಿತ್ರೆ ಇದೆಯೆಂದು ಆಮೇಲೆ ತಿಳಿಯಿತು.

ಈಗ ಹೊರನಾಡಿನಲ್ಲಿ ನೆಲೆಸಿರುವ ನಮ್ಮ ವಿಷಯಕ್ಕೆ ಬರೋಣ. ಎರಡು ಮೂರು ಭಾಷೆ ಬಲ್ಲವರಿಗೆ ಮಾತು ಬಿದ್ದರೆ ಯಾವ ಭಾಷೆ ಮೊದಲು ಮರಳುತ್ತದೆ? 1881ರಲ್ಲಿ ಫ್ರಾನ್ಸಿನ ರೀಬೋ, ನೆನಪಿನಲ್ಲಿ ಹೊಸದು ಮೊದಲು ಅಳಿಯುತ್ತದೆ, ಹಳೆಯದು ಕೊನೆಯವರೆಗೆ ನಿಲ್ಲುತ್ತದೆ ಎಂಬ ನಿಯಮ ಹೇಳಿದರು. ಆ ಪ್ರಕಾರ ತಾಯಿಯ ಭಾಷೆಯೇ ಉಳಿಯಬೇಕು. ಆದರೆ 1895ರಲ್ಲಿ ಬೋರ್ಡೋ ನಗರದ ಪೀತ್ರ್, ಹಲವು ಭಾಷೆ ಬಲ್ಲ ರೋಗಿಗಳನ್ನು ನೋಡಿ ಬೇರೆ ತೀರ್ಮಾನಕ್ಕೆ ಬಂದರು. ಮೊದಲು ಮರಳುವುದು ಮೊದಲು ಕಲಿತ ಭಾಷೆಯಲ್ಲ, ಹೆಚ್ಚು ಬಳಕೆಯಲ್ಲಿದ್ದ ಭಾಷೆ ಎಂದರು. ಮುಂದೆ 1928ರಲ್ಲಿ ಸ್ವಿಟ್ಜರ್ಲೆಂಡಿನ ಮಿಂಕೋವ್ಸ್ಕಿ ವರ್ಣಿಸಿದ ರೋಗಿಯ ಕಥೆ ಇನ್ನೂ ವಿಚಿತ್ರ. ಅವನ ಮನೆಮಾತು ಸ್ವಿಸ್ ಜರ್ಮನ್. ಆದರೆ ಪೆಟ್ಟು ಬಿದ್ದ ಮೇಲೆ ಮೊದಲು ಬಂದದ್ದು ಫ್ರೆಂಚ್. ಹಿಂದೊಮ್ಮೆ ಅವನು ಬಹಳವಾಗಿ ಪ್ರೀತಿಸಿದ ಹೆಂಗಸಿನ ಭಾಷೆ. ಎಲ್ಲ ಭಾಷೆಗಳೂ ಸಮನಾಗಿ ಮರಳುವುದೂ ಉಂಟು, ಒಂದು ಬಂದಂತೆ ಇನ್ನೊಂದು ಹಿಂದೆ ಸರಿಯುವುದೂ ಉಂಟು. ಒಂದೇ ಕಟ್ಟಳೆ ಇದಕ್ಕೆ ಸಿಕ್ಕಿಲ್ಲ.

ಹಾಗಾದರೆ ಭಾಷೆಗಳು ಮಿದುಳಿನಲ್ಲಿ ಬೇರೆಬೇರೆ ಕಡೆ ಇವೆಯೆ? 1978ರಲ್ಲಿ ಅಮೆರಿಕದ ಓಜೆಮನ್ ಮತ್ತು ವಿಟೇಕರ್ ಎಂಬವರು, ಎಚ್ಚರದಲ್ಲಿದ್ದ ದ್ವಿಭಾಷಿ ರೋಗಿಗಳ ಮಿದುಳಿಗೆ ಶಸ್ತ್ರಚಿಕಿತ್ಸೆಯ ವೇಳೆ ಸೌಮ್ಯ ವಿದ್ಯುತ್ತು ಮುಟ್ಟಿಸಿ ವಸ್ತುಗಳ ಹೆಸರು ಕೇಳಿದರು. ಕೆಲವು ಕಡೆ ಮುಟ್ಟಿಸಿದರೆ ಎರಡು ಭಾಷೆಯೂ ನಿಂತವು. ಕೆಲವು ಕಡೆ ಒಂದು ಮಾತ್ರ ನಿಂತಿತು. ಕೂಡುಕುಟುಂಬದಲ್ಲಿ ಅಡಿಗೆಮನೆ ಒಂದೇ, ಪೆಟ್ಟಿಗೆ ಬೀಗಗಳು ಬೇರೆ ಎಂದ ಹಾಗೆ.

ಇದರಿಂದ ಬರುವ ವ್ಯಾವಹಾರಿಕ ಪಾಠವೇನೆಂದರೆ, ರೋಗಿಯನ್ನು ಅವರು ಬಲ್ಲ ಎಲ್ಲ ಭಾಷೆಗಳಲ್ಲಿಯೂ ಮಾತನಾಡಿಸಿ ನೋಡದೆ ‘ಅರ್ಥವಾಗುತ್ತಿಲ್ಲ’ ಎಂದು ಬರೆಯಬಾರದು. ಕೆನಡಾದ ಮಿಷೆಲ್ ಪ್ಯಾರಡಿ ಇದಕ್ಕಾಗಿಯೇ ಹಲವು ಹತ್ತು ಭಾಷೆಗಳಲ್ಲಿ ಸಮಾನ ಪರೀಕ್ಷೆಗಳನ್ನು ರಚಿಸಿದರು. ಅವುಗಳಲ್ಲಿ ಕನ್ನಡವೂ ಒಂದು. ಮಾತಿನ ತೊಂದರೆಗಳಿಗೆಂದೇ ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1960ರ ದಶಕದಿಂದ ಕೆಲಸ ಮಾಡುತ್ತಿದೆ ಎಂಬುದನ್ನು ಊರಿಗೆ ಹೋಗಿಬರುವವರು ನೆನಪಿಟ್ಟುಕೊಳ್ಳುವುದು ಒಳ್ಳೆಯದು.

ನಮ್ಮ ದೇಶದಿಂದಲೇ ಬಂದ ಇನ್ನೊಂದು ಸಂಗತಿ ಸಂತೋಷದ್ದು. ಹೈದರಾಬಾದಿನಲ್ಲಿ ಸುವರ್ಣ ಅಲ್ಲಾಡಿ ಮತ್ತು ಸಂಗಡಿಗರು 648 ಮರೆಗುಳಿ ರೋಗಿಗಳನ್ನು ಪರಿಶೀಲಿಸಿ 2013ರಲ್ಲಿ ವರದಿ ಪ್ರಕಟಿಸಿದರು. ಒಂದೇ ಭಾಷೆ ಬಲ್ಲವರಿಗಿಂತ ಎರಡು ಅಥವಾ ಹೆಚ್ಚು ಭಾಷೆ ಬಲ್ಲವರಲ್ಲಿ ರೋಗ ಸರಾಸರಿ ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು. ಓದುಬರಹವಿಲ್ಲದವರಲ್ಲಿಯೂ ಈ ಅಂತರವಿತ್ತು. 2016ರಲ್ಲಿ ಲಕ್ವ ಹೊಡೆದ 608 ರೋಗಿಗಳ ವರದಿ ಬಂತು. ಆಮೇಲೂ ಬುದ್ಧಿಶಕ್ತಿ ಸರಿಯಾಗಿ ಉಳಿದಿದ್ದವರು ಬಹುಭಾಷಿಗಳಲ್ಲಿ ನೂರಕ್ಕೆ ಸುಮಾರು 40, ಏಕಭಾಷಿಗಳಲ್ಲಿ ಸುಮಾರು 20. ಮಾತು ಬೀಳುವುದರಲ್ಲಿ ಮಾತ್ರ ವ್ಯತ್ಯಾಸವಿರಲಿಲ್ಲ. ಎಲ್ಲ ದೇಶಗಳ ಅಧ್ಯಯನಗಳೂ ಇದೇ ಫಲ ಕೊಟ್ಟಿಲ್ಲ ಎಂಬುದನ್ನೂ ಹೇಳಬೇಕು. ಆದರೂ ಮನೆಯಲ್ಲಿ ಕನ್ನಡ, ಹೊರಗೆ ಹಿಂದಿ ಅಥವಾ ಮರಾಠಿ ಎಂದರೆ ಮಕ್ಕಳ ತಲೆಗೆ ಭಾರವಾದೀತು ಎಂದು ಅಂಜುವ ತಾಯಿತಂದೆಗಳು ಅಂಜಬೇಕಾಗಿಲ್ಲ.

ನಮ್ಮ ಅನುಭವದಿಂದ ಎರಡು ಮಾತು. ಮುಖ ವಾಲಿದರೆ, ಒಂದು ಕೈ ಸೋತರೆ, ಮಾತು ತೊದಲಿದರೆ ನಿಂಬೆರಸ, ಎಣ್ಣೆ ಎನ್ನುತ್ತ ಕೂರಬಾರದು. ಗಡ್ಡೆಕಟ್ಟಿದ ರಕ್ತವನ್ನು ಕರಗಿಸುವ ಔಷಧಿಯನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕಾಗುತ್ತದೆ. ಅದಕ್ಕೂ ಮೊದಲು ತಲೆಯ ಸ್ಕ್ಯಾನ್ ಆಗಬೇಕು. ಎರಡನೆಯದಾಗಿ, ಹಿರಿಯರು ಬಲ್ಲ ಭಾಷೆಗಳು ಯಾವುವು, ಯಾವುದು ಹೆಚ್ಚು ಬಳಕೆಯದು ಎಂದು ಒಂದು ಚೀಟಿಯಲ್ಲಿ ಬರೆದು ಅವರ ಔಷಧಿಯ ಕಾಗದಗಳ ಜೊತೆ ಇಟ್ಟಿರಿ. ಆಸ್ಪತ್ರೆಯಲ್ಲಿ ಪಕ್ಕಕ್ಕೆ ಆ ಭಾಷೆಯವರೊಬ್ಬರು ಇರಲಿ. ನಮ್ಮ ಸಂಘದ ಸದಸ್ಯರು ಈ ಸರದಿಯನ್ನು ವಹಿಸಿಕೊಂಡರೆ ಅದಕ್ಕಿಂತ ದೊಡ್ಡ ಕನ್ನಡಸೇವೆ ಬೇರೆ ಬೇಕೆ?

ನಮ್ಮ ತಂದೆಯವರಿಗೆ ಕನ್ನಡ ಆರು ತಿಂಗಳಲ್ಲಿ ಬಹುಪಾಲು ಮರಳಿತು. ಜೀವನವೆಲ್ಲ ಕಲಿಸಿದ ಇಂಗ್ಲಿಷ್ ಒಂದೊಂದೇ ಶಬ್ದವಾಗಿ ಬರುತ್ತಿದೆ. ಹಿಂದಿ ಹೋದದ್ದು ಹೋಯಿತು. ಕನ್ನಡ ಕೇಳಿದರೆ ಹಿಂದಿಯಲ್ಲಿ ಉತ್ತರ ಕೊಡುತ್ತಿದ್ದ ನಮ್ಮ ಮಗಳಿಗೆ ಈಗ ತಾತನೊಡನೆ ಆಡಲು ಬೇರೆ ದಾರಿ ಉಳಿಯಲಿಲ್ಲ. ಶಾಲೆಯಲ್ಲಿ ‘ದೋ ಏಕಮ್ ದೋ’ ಕಲಿತ ಹುಡುಗಿ ಸಂಜೆ ಅವರ ಕಾಲ ಬಳಿ ಕುಳಿತು ಕನ್ನಡ ಮಗ್ಗಿ ಒಪ್ಪಿಸುತ್ತಾಳೆ. ಅವಳು ತಪ್ಪಿದ ಕಡೆ ಅವರು ತಿದ್ದುತ್ತಾರೆ, ಅವರು ತಡೆದ ಕಡೆ ಅವಳು ಎತ್ತಿಕೊಡುತ್ತಾಳೆ. ಹೋದ ವಾರ ಹದಿನಾರರ ಮಗ್ಗಿ ಮುಗಿಯಿತು.