ದುಬೈ, ಅಬುಧಾಬಿಯಲ್ಲಿ ಮನೆ ರಿಪೇರಿ: ಓನರ್ ಒಪ್ಪಿದರಷ್ಟೇ ಸಾಲದು

ದುಬೈಯಲ್ಲಿ ಫ್ಲ್ಯಾಟ್ ರಿಪೇರಿಗೆ ಇಳಿದವರಿಗೆ ಮೊದಲ ತಲೆನೋವು ಕೆಲಸದ್ದಲ್ಲ, ಯಾವ ಆಫೀಸಿಗೆ ಹೋಗಬೇಕು ಅನ್ನೋದು. ದೇರಾ, ಕರಾಮ, ಸತ್ವಾದಂಥ ಹಳೆಯ ಏರಿಯಾಗಳಿಗೆ ದುಬೈ ಮುನಿಸಿಪಾಲಿಟಿ. ಇಂಟರ್‌ನ್ಯಾಷನಲ್ ಸಿಟಿ, ಪಾಮ್ ಜುಮೇರಾ ಕಡೆ ಟ್ರಾಖೀಸ್. ಮೀಡಿಯಾ ಸಿಟಿ, ಇಂಟರ್ನೆಟ್ ಸಿಟಿಗೆ ದುಬೈ ಡೆವಲಪ್‌ಮೆಂಟ್ ಅಥಾರಿಟಿ. ಹೊಸ ಬಡಾವಣೆಗಳಲ್ಲಿ ಡೆವಲಪರ್ ಕಂಪೆನಿಯ ಎನ್‌ಒಸಿ ಬೇರೆ. ತಪ್ಪು ಬಾಗಿಲು ತಟ್ಟಿದರೆ ಮತ್ತೆ ಮೊದಲಿನಿಂದ ಶುರು. ಅಬುಧಾಬಿಯಲ್ಲಿ ಅರ್ಜಿಗೆ ಸರ್ಕಾರದ 'ತಮ್' ಆನ್‌ಲೈನ್ ವೇದಿಕೆ ಇರುವುದರಿಂದ ಅಲೆದಾಟ ತುಸು ಕಡಿಮೆ.

ನಮ್ಮವರು ಹೆಚ್ಚಾಗಿ ಸಿಕ್ಕಿಬೀಳುವುದು ಪಾರ್ಟಿಶನ್ ವಿಷಯದಲ್ಲಿ. ಹಾಲ್ ನಡುವೆ ಜಿಪ್ಸಂ ಬೋರ್ಡ್ ನಿಲ್ಲಿಸಿ ಬೆಡ್‌ಸ್ಪೇಸ್ ಕೊಡುವವರು 'ಓನರ್ ಓಕೆ ಅಂದಿದ್ದಾರೆ' ಅನ್ನುತ್ತಾರೆ. ದುಬೈಯ 2007ರ 26ನೇ ಬಾಡಿಗೆ ಕಾನೂನಿನ 19ನೇ ವಿಧಿಯಂತೆ ಬಾಡಿಗೆದಾರ ಮನೆಯಲ್ಲಿ ಬದಲಾವಣೆ ಮಾಡಲು ಮಾಲೀಕನ ಒಪ್ಪಿಗೆಯೂ ಬೇಕು, ಇಲಾಖೆಯ ಪರ್ಮಿಟ್ಟೂ ಬೇಕು. ಒಳಬಾಡಿಗೆಗೆ ಕೊಡಲು ಮಾಲೀಕನ ಲಿಖಿತ ಅನುಮತಿಯೇ ಆಗಬೇಕು, ಬಾಯಿಮಾತು ನಡೆಯದು.

2025ರ ಜೂನ್‌ನಲ್ಲಿ ದುಬೈ ಮುನಿಸಿಪಾಲಿಟಿ ರಿಗ್ಗಾ, ಮುರಕ್ಕಬಾತ್, ಬರ್ಷಾ, ಸತ್ವಾ, ರಫಾ ಪ್ರದೇಶಗಳಲ್ಲಿ ಅಕ್ರಮ ಪಾರ್ಟಿಶನ್ ವಿರುದ್ಧ ಕಾರ್ಯಾಚರಣೆ ಬಿಗಿಗೊಳಿಸಿತು. ಅಬುಧಾಬಿಯಲ್ಲೂ ಕಿಕ್ಕಿರಿದ ವಾಸದ ವಿರುದ್ಧ 2019ರ 8ನೇ ಕಾನೂನು ಇದೆ. 2023ರಿಂದ ತಪಾಸಣೆ ಜೋರಾಗಿದೆ. ಇದು ಬರೀ ಕಿರುಕುಳ ಅನಿಸುವವರು 2023ರ ಏಪ್ರಿಲ್ 15ರ ದೇರಾ ಅಲ್ ರಾಸ್ ಬೆಂಕಿಯನ್ನು ನೆನಪಿಸಿಕೊಳ್ಳಬಹುದು. 16 ಜನ ಸತ್ತರು, ಅವರಲ್ಲಿ ಭಾರತೀಯರೂ ಇದ್ದರು. ಕಟ್ಟಡದಲ್ಲಿ ಸುರಕ್ಷತಾ ನಿಯಮ ಪಾಲಿಸಿರಲಿಲ್ಲ ಎಂದು ಸಿವಿಲ್ ಡಿಫೆನ್ಸ್‌ನ ಪ್ರಾಥಮಿಕ ತನಿಖೆ ಹೇಳಿತ್ತು.

ಹಾಗಂತ ಸಿಟ್ಟು ಬರುವುದೂ ತಪ್ಪಲ್ಲ. ಅಡುಗೆಮನೆ ಬದಲಿಸುವ ಕುಟುಂಬ ಲೈಸೆನ್ಸ್ ಇರುವ ಕಾಂಟ್ರಾಕ್ಟರ್, ನಕ್ಷೆ, ಡೆಪಾಸಿಟ್ ಅಂತ ಓಡಾಡಬೇಕು. ಕೊನೆಯ ಇನ್‌ಸ್ಪೆಕ್ಷನ್ ಮುಗಿಯುವ ತನಕ ಡೆಪಾಸಿಟ್ ವಾಪಸ್ ಬರುವುದಿಲ್ಲ. ಆದರೆ ಹೆಚ್ಚು ಪೆಟ್ಟು ತಿನ್ನುವುದು ಬೆಡ್‌ಸ್ಪೇಸಿನ ಹುಡುಗನೇ. ಗೋಡೆ ಒಡೆದ ದಿನ ಅವನ ಅಡ್ವಾನ್ಸೂ ಹೋಯಿತು, ಕೇಳೋಣವೆಂದರೆ ಎಜಾರಿಯಲ್ಲಿ ಅವನ ಹೆಸರೇ ಇಲ್ಲ. ದುಬೈಯಲ್ಲಿ 2022ರಿಂದ ಜೊತೆವಾಸಿಗಳ ಹೆಸರನ್ನು 'ದುಬೈ ರೆಸ್ಟ್' ಆ್ಯಪ್‌ನಲ್ಲಿ ನೋಂದಾಯಿಸಬೇಕು. ದುಡ್ಡು ಕೊಡುವ ಮೊದಲು ಅದನ್ನೊಮ್ಮೆ ಕೇಳಿ ನೋಡಿ. ನೋಂದಾಯಿಸಲು ಒಪ್ಪದ ಕಡೆ ಆ ಗೋಡೆಗೂ ಪರ್ಮಿಟ್ ಇರುವುದು ಅನುಮಾನ.