ಹೋಮ್ಸನ ಜಿಡ್ಡುಗಟ್ಟಿದ ಪೈಪು

ಎಂ.ಎ. ಓದುವಾಗ ಷರ್ಲಾಕ್ ಹೋಮ್ಸನ ಒಂದು ಅಭ್ಯಾಸ ನನಗೆ ಹೇಸಿಗೆ ತರಿಸಿತ್ತು. 1892ರಲ್ಲಿ ಪ್ರಕಟವಾದ ‘ದಿ ಎಂಜಿನಿಯರ್ಸ್ ಥಂಬ್’ ಕಥೆಯಲ್ಲಿ, ಬೆಳಗಿನ ಉಪಾಹಾರಕ್ಕೆ ಮುನ್ನ ಸೇದುವ ಪೈಪಿಗೆ ಅವನಿಗೆ ಹೊಸ ತಂಬಾಕು ಬೇಕಿಲ್ಲ. ಹಿಂದಿನ ದಿನದ ಪೈಪುಗಳ ತಳದಲ್ಲಿ ಉಳಿದ ಚೂರುಗಳನ್ನು ಅಗ್ಗಿಷ್ಟಿಕೆಯ ಮೇಲ್ಹಲಗೆಯ ಮೂಲೆಯಲ್ಲಿ ಒಣಗಿಸಿಟ್ಟುಕೊಂಡಿರುತ್ತಾನೆ. ತನ್ನ ಎಂಜಲನ್ನೇ ಕೂಡಿಟ್ಟು ಉಣ್ಣುವವನಂತೆ ಅವನು ಕಂಡಿದ್ದ.

ಆ ಚೂರಿಗೆ ‘ಡಾಟಲ್’ ಎಂದು ಹೆಸರು. ಎಲೆ ಉರಿಯುವಾಗ ಹೊರಡುವ ನೀರಾವಿ ತಣಿದು ಬಟ್ಟಲಿನ ತಳಕ್ಕಿಳಿಯುತ್ತದೆ. ಅಲ್ಲಿಯ ಎಲೆ ನೆನೆದು, ಅರೆ ಸುಟ್ಟು ಉಳಿಯುತ್ತದೆ. ಮನೆಯಲ್ಲಿ ಪೈಪಿನ ತಂಬಾಕನ್ನು ಅಣಿಗೊಳಿಸುವುದೆಂದರೆ ಬಹುಪಾಲು ಈ ತೇವದೊಡನೆ ಹೆಣಗುವುದೇ. ಒತ್ತಿ ಗಟ್ಟಿಮಾಡಿದ ತಂಬಾಕನ್ನು ಚಾಕುವಿನಿಂದ ಹೆರೆದು, ಅಂಗೈಯಲ್ಲಿ ಉಜ್ಜಿ ಬಿಡಿಸಿ, ಹಸಿಯಿದ್ದರೆ ಕಾಗದದ ಮೇಲೆ ಹರಡಿ ಆರಿಸಬೇಕು. ಬ್ರಿಟಿಷ್ ನೌಕಾಪಡೆಯ ನಾವಿಕರು ಎಲೆಗೆ ರಮ್ ಚಿಮುಕಿಸಿ, ಕ್ಯಾನ್ವಾಸಿನಲ್ಲಿ ಸುತ್ತಿ, ಹಗ್ಗದಿಂದ ಬಿಗಿದು ಹದಗೊಳಿಸುತ್ತಿದ್ದರು.

ಹೊಗೆ ಸೇದದ ನನ್ನನ್ನೂ ಹಿಡಿದು ನಿಲ್ಲಿಸಿದ್ದು ಪೈಪಿನ ಶುಚಿಯ ಚರಿತ್ರೆ. 17ನೆಯ ಶತಮಾನದ ಲಂಡನ್ನಿನಲ್ಲಿ ಪೈಪೆಂದರೆ ಬಿಳಿ ಜೇಡಿಮಣ್ಣಿನದು. 1604ರಲ್ಲಿ ತಂಬಾಕಿನ ವಿರುದ್ಧ ಪುಸ್ತಿಕೆ ಬರೆದ ದೊರೆ ಒಂದನೆಯ ಜೇಮ್ಸನೇ 1619ರಲ್ಲಿ ಪೈಪು ತಯಾರಕರ ಸಂಘಕ್ಕೆ ಸನ್ನದು ಕೊಟ್ಟ. (ಸರ್ಕಾರಿ ನೌಕರನಾದ ನನಗೆ ಇದರಲ್ಲಿ ಅಚ್ಚರಿಯೇನೂ ಕಾಣುವುದಿಲ್ಲ.) ತಂತಿ ತೂರಿಸಿ ಮಾಡಿದ ಕೊಳವೆಯ ರಂಧ್ರ ಕಿರಿದು, ಕಾಲ ಸರಿದಂತೆ ಇನ್ನಷ್ಟು ಕಿರಿದಾಯಿತು. ಈ ರಂಧ್ರಗಳನ್ನು ಅಳೆದು ಉತ್ಖನನ ನೆಲೆಗಳ ಕಾಲವನ್ನು ಊಹಿಸಬಹುದೆಂದು ಅಮೆರಿಕದ ಪುರಾತತ್ತ್ವಜ್ಞ ಹ್ಯಾರಿಂಗ್ಟನ್ 1954ರಲ್ಲಿ ತೋರಿಸಿದರು.

ಅಂಥ ಕೊಳವೆಯೊಳಗಿನ ಜಿಡ್ಡನ್ನು ಕೆರೆದು ತೆಗೆಯುವುದು ಸುಲಭವಲ್ಲ. ಆದ್ದರಿಂದ ಪೈಪುಗಳನ್ನು ಕಬ್ಬಿಣದ ಬಳೆಗಳಿಂದಾದ ತೊಟ್ಟಿಲಿನಲ್ಲಿ ಜೋಡಿಸಿ ಬೆಂಕಿಗೆ ಇಡುತ್ತಿದ್ದರು. ಜಿಡ್ಡು ಸುಟ್ಟುಹೋಗಿ ಮಣ್ಣು ಮತ್ತೆ ಬೆಳ್ಳಗಾಗುತ್ತಿತ್ತು. ಮಣ್ಣಿನ ಪಾತ್ರೆಗೆ ಪುನಃ ಸುಡುವುದೇ ಶುದ್ಧಿಯೆಂದು ನಮ್ಮ ಮನುಸ್ಮೃತಿಯೂ ಹೇಳುತ್ತದೆ. ಪಾನಗೃಹಗಳಲ್ಲಿ ಹಿಂದಿನವನ ಎಂಜಲೆಂದು ಕೊಳವೆಯ ತುದಿ ಮುರಿದು ಸೇದುತ್ತಿದ್ದರೆಂಬ ಕತೆಯೊಂದು ಪ್ರಚಲಿತವಾಗಿದೆ. ಅದಕ್ಕಿಂತ ವಸ್ತುಸಂಗ್ರಹಾಲಯಗಳಲ್ಲಿ ಉಳಿದಿರುವ ಆ ತೊಟ್ಟಿಲುಗಳ ಸಾಕ್ಷ್ಯ ಗಟ್ಟಿಯಾದುದು. ಹಲವರ ಬಾಯಿಗೆ ಹೋಗುವ ವಸ್ತುವಿನ ಎಂಜಲನ್ನು ಬೆಂಕಿ ಕಳೆಯುತ್ತಿತ್ತು.

19ನೆಯ ಶತಮಾನದ ನಡುವೆ ಫ್ರಾನ್ಸಿನ ಸೇಂಟ್ ಕ್ಲೋಡ್ ಪಟ್ಟಣದಿಂದ ಬ್ರಯರ್ ಪೈಪು ಬಂದಿತು. ಅದು ಮೆಡಿಟರೇನಿಯನ್ ತೀರದ ಪೊದೆಯೊಂದರ ಬುಡದ ಗಂಟಿನಿಂದ ಕಡೆದದ್ದು. ಮರವನ್ನು ಬೆಂಕಿಗೆ ಹಾಕುವಂತಿಲ್ಲ. ಒಳಗೋಡೆಗೆ ಕಟ್ಟುವ ಇದ್ದಿಲಿನ ಪದರ ಮರವನ್ನು ಕಾಯುತ್ತದೆಯಾಗಿ ಅದನ್ನು ಪೂರ್ತಿ ತೆಗೆಯುವಂತೆಯೂ ಇಲ್ಲ. ದಪ್ಪವಾದರೆ ಬಟ್ಟಲು ಬಿರಿಯುತ್ತದೆಂದು ಹದವರಿತು ಕೆರೆಯಬೇಕು. ಈ ಕೆಲಸವನ್ನು ಒಡೆಯನೇ ಮಾಡಿಕೊಳ್ಳತೊಡಗಿದ. ಪೈಪು ಒಬ್ಬನದೇ ಆದ ಮೇಲೆ ಅದರ ಕಪ್ಪು ಕೊಳೆಯಾಗಿ ಉಳಿಯಲಿಲ್ಲವೆಂದು ನನ್ನ ಊಹೆ. ಮಣ್ಣಿನ ಪೈಪನ್ನೂ ಸೇದಿ ಸೇದಿ ಕಪ್ಪೇರಿಸಿ ಮೆರೆಯುವ ರಸಿಕರು ಆ ಶತಮಾನದಲ್ಲಿದ್ದರು.

ಹೋಮ್ಸನ ಬಳಿ ಬ್ರಯರ್ ಪೈಪೂ ಇತ್ತು. ಆದರೆ 1891ರ ‘ಎ ಕೇಸ್ ಆಫ್ ಐಡೆಂಟಿಟಿ’ಯಲ್ಲಿ ಆಲೋಚನೆಗೆ ಕೂರುವಾಗ ಅವನು ಕೈಗೆತ್ತಿಕೊಳ್ಳುವುದು ಹಳೆಯ, ಜಿಡ್ಡುಗಟ್ಟಿದ ಮಣ್ಣಿನ ಪೈಪನ್ನು. ಅದು ಅವನಿಗೆ ಸಲಹೆಗಾರನಿದ್ದಂತೆ ಎನ್ನುತ್ತಾನೆ ವ್ಯಾಟ್ಸನ್. ಬೇಕರ್ ಸ್ಟ್ರೀಟಿನ ಅಗ್ಗಿಷ್ಟಿಕೆಯಲ್ಲಿ ಒಂದು ರಾತ್ರಿ ಇಟ್ಟಿದ್ದರೆ ಸಾಕಿತ್ತು, ಅದು ಬೆಳ್ಳಗಾಗುತ್ತಿತ್ತು. ಮನೆಯೊಡತಿ ಮಿಸೆಸ್ ಹಡ್ಸನ್ ಕೂಡ ಆ ಧೈರ್ಯ ಮಾಡಿದಂತಿಲ್ಲ.