ಕಾರು ಹಂಚಿಕೆ ಮತ್ತು ಅಗ್ಗದ ಸ್ವಂತ ಕಾರು

ಕಾರು ಹಂಚಿಕೆ ಎಂದರೆ ಒಂದೇ ಕಾರನ್ನು ಹಲವು ಕುಟುಂಬಗಳು ತಮಗೆ ಬೇಕಾದ ಗಂಟೆಗಳಿಗೆ ಅಥವಾ ದಿನಗಳಿಗೆ ಮಾತ್ರ ಪಡೆದು, ಬಳಸಿದಷ್ಟಕ್ಕೆ ಹಣ ಕೊಡುವ ವ್ಯವಸ್ಥೆ. ಕಾರಿನ ಒಡೆತನ ಕಂಪನಿಯದೋ ಸಹಕಾರ ಸಂಘದ್ದೋ ಮತ್ತೊಬ್ಬ ವ್ಯಕ್ತಿಯದೋ ಆಗಿರುತ್ತದೆ, ಓಡಿಸುವವರು ಬಳಕೆದಾರರೇ. ಒಬ್ಬರು ತಾವು ಹೋಗುವ ದಾರಿಯಲ್ಲಿ ಇತರರನ್ನೂ ಕೂರಿಸಿಕೊಂಡು ಖರ್ಚು ಹಂಚಿಕೊಳ್ಳುವುದು ಸವಾರಿ ಹಂಚಿಕೆ. ಚಾಲಕನ ಸಮೇತ ದೊರೆಯುವ ಟ್ಯಾಕ್ಸಿ ಮೂರನೆಯ ಬಗೆ. ಆಡುಮಾತಿನಲ್ಲಿ ಈ ಮೂರನ್ನೂ ‘ಶೇರಿಂಗ್’ ಅಥವಾ ‘ಬಾಡಿಗೆ ಗಾಡಿ’ ಎಂದುಬಿಡುವುದುಂಟು. ಆದರೆ ಮೂರಕ್ಕೂ ಅನ್ವಯಿಸುವ ಕಾನೂನು ಬೇರೆ ಬೇರೆ. ಅಗ್ಗದ ಕಾರೊಂದನ್ನು ಕೊಳ್ಳಬೇಕೇ ಅಥವಾ ಬೇಕಾದಾಗ ಬಾಡಿಗೆಗೆ ಪಡೆಯಬೇಕೇ ಎಂಬ ಪ್ರಶ್ನೆಗೆ ಬೆಂಗಳೂರಿನಲ್ಲಿ ದೊರೆಯುವ ಉತ್ತರವೂ ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ಮತ್ತು ಚಿಂಚೋಳಿಗಳಲ್ಲಿ ದೊರೆಯುವ ಉತ್ತರವೂ ಒಂದೇ ಆಗಿರುವುದಿಲ್ಲ.

ಹಿನ್ನೆಲೆ

ಸ್ವಿಟ್ಜರ್ಲೆಂಡಿನ ಜ್ಯೂರಿಕ್ ನಗರದಲ್ಲಿ 1948ರಲ್ಲಿ ಒಂದು ವಸತಿ ಸಹಕಾರ ಸಂಘದಲ್ಲಿ ಆರಂಭವಾದ ‘ಸೆಫಾಗೆ’ ಎಂಬ ಏರ್ಪಾಡನ್ನು ಕಾರು ಹಂಚಿಕೆಯ ಮೊದಲ ಉದಾಹರಣೆಯೆಂದು ಗುರುತಿಸಲಾಗುತ್ತದೆ. ಕಾರು ಕೊಳ್ಳುವ ಶಕ್ತಿಯಿಲ್ಲದವರು ಒಟ್ಟಾಗಿ ಕಾರು ಇಟ್ಟುಕೊಳ್ಳುವುದು ಅದರ ಉದ್ದೇಶವಾಗಿತ್ತು. ಅದೇ ದೇಶದಲ್ಲಿ ಎರಡು ಸಹಕಾರ ಸಂಘಗಳು 1997ರಲ್ಲಿ ವಿಲೀನಗೊಂಡು ‘ಮೊಬಿಲಿಟಿ’ ಎಂಬ ದೊಡ್ಡ ಸಹಕಾರ ಸಂಸ್ಥೆಯಾಯಿತು. ಅಮೆರಿಕದ ಕೇಂಬ್ರಿಜ್ ನಗರದಲ್ಲಿ 2000ದಲ್ಲಿ ‘ಜಿಪ್‌ಕಾರ್’ ಹುಟ್ಟಿತು. ಎಲ್ಲ ಪ್ರಯೋಗಗಳೂ ಉಳಿಯಲಿಲ್ಲ. ಪ್ಯಾರಿಸ್ ನಗರವು 2011ರಲ್ಲಿ ಆರಂಭಿಸಿದ ವಿದ್ಯುತ್ ಕಾರುಗಳ ‘ಆಟೋಲಿಬ್’ ಸೇವೆ ನಷ್ಟದ ಕಾರಣ 2018ರಲ್ಲಿ ನಿಂತುಹೋಯಿತು.

ಕರ್ನಾಟಕದಲ್ಲಿ ಇದು ಜನರಿಗೆ ಪರಿಚಯವಾದದ್ದು ಮುಖ್ಯವಾಗಿ 2013ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ‘ಜೂಮ್‌ಕಾರ್’ ಮೂಲಕ. ಮೊದಲಿಗೆ ಕಂಪನಿಯೇ ಕಾರುಗಳನ್ನು ಇಟ್ಟುಕೊಂಡು ಬಾಡಿಗೆಗೆ ಕೊಡುತ್ತಿತ್ತು. ಮುಂದೆ ಇತರ ಮಾಲೀಕರ ಕಾರುಗಳನ್ನು ಬಳಕೆದಾರರಿಗೆ ಒದಗಿಸುವ ಮಧ್ಯವರ್ತಿ ಪದ್ಧತಿಗೆ ಹೊರಳಿತು.

ಅಗ್ಗದ ಕಾರಿನ ಕಥೆ ಇದಕ್ಕಿಂತ ಹಳೆಯದು. 1983ರ ಡಿಸೆಂಬರ್‌ನಲ್ಲಿ ಬಂದ ಮಾರುತಿ 800 ಮಧ್ಯಮ ವರ್ಗದ ಮನೆಯಂಗಳಕ್ಕೆ ಕಾರನ್ನು ತಂದಿತು. ಅದರ ತಯಾರಿಕೆ 2014ರವರೆಗೆ ನಡೆಯಿತು. 2008ರ ಜನವರಿಯಲ್ಲಿ ಪ್ರದರ್ಶನಗೊಂಡು ಮರುವರ್ಷ ಮಾರುಕಟ್ಟೆಗೆ ಬಂದ ಟಾಟಾ ನ್ಯಾನೊ ‘ಒಂದು ಲಕ್ಷದ ಕಾರು’ ಎಂದೇ ಹೆಸರಾಯಿತು. ಆ ಹೆಸರೇ ಅದಕ್ಕೆ ಮುಳುವಾಯಿತೆಂಬ ಅಭಿಪ್ರಾಯವಿದೆ. ಕಾರು ಕೊಳ್ಳುವವರು ಅನುಕೂಲದ ಜೊತೆಗೆ ಅಂತಸ್ತನ್ನೂ ಕೊಳ್ಳುತ್ತಾರೆ ಎಂಬುದು ಆ ಲೆಕ್ಕದಲ್ಲಿ ಸೇರಿರಲಿಲ್ಲ.

ನಿಂತ ಕಾರಿನ ಖರ್ಚು

ಸ್ವಂತ ಕಾರಿನ ವೆಚ್ಚವೆಂದರೆ ಪೆಟ್ರೋಲ್ ಮಾತ್ರ ಎಂದು ಭಾವಿಸುವುದು ಸಾಮಾನ್ಯ. ವಾಸ್ತವವಾಗಿ ಕಡಿಮೆ ಓಡುವ ಕಾರಿನಲ್ಲಿ ಹೆಚ್ಚಿನ ವೆಚ್ಚವಾಗುವುದು ಅದು ನಿಂತಿರುವಾಗಲೇ. ಮೌಲ್ಯದ ಇಳಿಕೆ, ವಿಮೆ, ತೆರಿಗೆ, ಸರ್ವಿಸ್, ಬ್ಯಾಟರಿ, ಟೈರು ಇವು ಕಾರು ಓಡಲಿ ಬಿಡಲಿ ತಪ್ಪುವುದಿಲ್ಲ. ಕರ್ನಾಟಕದಲ್ಲಿ 5 ಲಕ್ಷ ರೂಪಾಯಿವರೆಗಿನ ಖಾಸಗಿ ಕಾರಿಗೆ ಶೇಕಡಾ 13ರಷ್ಟು ಆಜೀವ ತೆರಿಗೆಯಿದ್ದು, ಅದರ ಮೇಲೆ ಉಪಕರವೂ ಸೇರುತ್ತದೆ. 2022ರ ಜೂನ್ 1ರಿಂದ ಜಾರಿಗೆ ಬಂದ ದರದಂತೆ 1,000 ಸಿ.ಸಿ. ಒಳಗಿನ ಕಾರಿನ ಮೂರನೆಯ ವ್ಯಕ್ತಿ ವಿಮೆಯ ವಾರ್ಷಿಕ ಕಂತು 2,094 ರೂಪಾಯಿ. 1,000ದಿಂದ 1,500 ಸಿ.ಸಿ.ವರೆಗಿನದಕ್ಕೆ 3,416 ರೂಪಾಯಿ. ಸ್ವಂತ ಕಾರಿನ ಹಾನಿಗೆ ಮಾಡಿಸುವ ವಿಮೆ ಇದಕ್ಕೆ ಹೊರತು. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಪೆಟ್ರೋಲ್ ಕಾರುಗಳ ಮೇಲಿನ ಜಿ.ಎಸ್.ಟಿ. ಮತ್ತು ಪರಿಹಾರ ಸೆಸ್ ಸೇರಿ ಇದ್ದ ಶೇಕಡಾ 29ರ ಹೊರೆ ಶೇಕಡಾ 18ಕ್ಕೆ ಇಳಿದುದರಿಂದ ಕೊಳ್ಳುವ ಬೆಲೆ ತಗ್ಗಿತು. ಇಟ್ಟುಕೊಳ್ಳುವ ಬೆಲೆ ಹಾಗೆ ತಗ್ಗಲಿಲ್ಲ.

ತಿಳುವಳಿಕೆಗಾಗಿ ಒಂದು ಊಹಾ ಲೆಕ್ಕ ನೋಡಬಹುದು. ತೆರಿಗೆ, ನೋಂದಣಿ ಸೇರಿ 4.5 ಲಕ್ಷ ರೂಪಾಯಿಗೆ ಕೊಂಡ ಕಾರನ್ನು 8 ವರ್ಷ ಬಳಸಿ 1.3 ಲಕ್ಷಕ್ಕೆ ಮಾರಿದರೆ, ವರ್ಷಕ್ಕೆ 40,000 ರೂಪಾಯಿ ಕರಗಿದಂತಾಯಿತು. ವಿಮೆಗೆ 12,000, ಸರ್ವಿಸ್ ಮತ್ತು ಬಿಡಿಭಾಗಗಳಿಗೆ 15,000 ಎಂದು ಹಿಡಿದರೆ ಒಟ್ಟು 67,000 ರೂಪಾಯಿ. ಕಾರಿನಲ್ಲಿ ತೊಡಗಿಸಿದ ಹಣಕ್ಕೆ ಬ್ಯಾಂಕಿನಲ್ಲಿ ಶೇಕಡಾ 7ರಂತೆ ಬರಬಹುದಾಗಿದ್ದ ಬಡ್ಡಿಯನ್ನೂ ಸರಾಸರಿಯಾಗಿ ಸೇರಿಸಿದರೆ ಅದು 87,000 ದಾಟುತ್ತದೆ. ಇಂಧನ ಬಿಟ್ಟು ದಿನಕ್ಕೆ 2,000 ರೂಪಾಯಿ ಬಾಡಿಗೆಯ ಕಾರು ದೊರೆಯುವುದಾದರೆ, ವರ್ಷಕ್ಕೆ ಸುಮಾರು 44 ದಿನಗಳಿಗಿಂತ ಕಡಿಮೆ ಬಳಸುವವರಿಗೆ ಬಾಡಿಗೆಯೇ ಅಗ್ಗ. ಇಂಧನದ ಖರ್ಚು ಎರಡೂ ಕಡೆ ಒಂದೇ ಆದ್ದರಿಂದ ಅದನ್ನು ಕೈಬಿಡಲಾಗಿದೆ.

ಹಳೆಯ ಕಾರು ಕೊಂಡರೆ ಈ ಗಡಿ ಕೆಳಗಿಳಿಯುತ್ತದೆ. 1.5 ಲಕ್ಷಕ್ಕೆ ಕೊಂಡು 5 ವರ್ಷದ ನಂತರ 60,000ಕ್ಕೆ ಮಾರುವ ಕಾರಿನಲ್ಲಿ ವಾರ್ಷಿಕ ಇಳಿಕೆ 18,000. ದುರಸ್ತಿಗೆ 25,000, ವಿಮೆಗೆ 6,000 ಎಂದರೆ 49,000 ರೂಪಾಯಿ. ಬಡ್ಡಿಯನ್ನು ಬಿಟ್ಟರೆ ಇದು ಸುಮಾರು 25 ದಿನಗಳ ಬಾಡಿಗೆಗೆ ಸಮ. ಆದರೆ ದುರಸ್ತಿಯ ಅಂಕಿ ಮೊದಲೇ ಹೇಳಲಾಗದಂಥದು. ಒಂದು ಗೇರ್‌ಬಾಕ್ಸ್ ಕೆಟ್ಟರೆ ಇಡೀ ಲೆಕ್ಕ ತಲೆಕೆಳಗಾಗುತ್ತದೆ. ಖಾಸಗಿ ಕಾರಿನ ನೋಂದಣಿ 15 ವರ್ಷಗಳಿಗೆ ಮುಗಿಯುತ್ತದೆಂಬುದನ್ನೂ ಮರೆಯುವಂತಿಲ್ಲ. ಆಮೇಲೆ 5 ವರ್ಷಕ್ಕೊಮ್ಮೆ ತಪಾಸಣೆಯೊಂದಿಗೆ ನವೀಕರಿಸಬೇಕು. ಇದರ ಶುಲ್ಕ 2022ರ ಏಪ್ರಿಲ್‌ನಿಂದ 5,000 ರೂಪಾಯಿಗೆ ಏರಿತು.

ಸೇಡಂ ಮತ್ತು ಚಿಂಚೋಳಿ ತಾಲ್ಲೂಕುಗಳು ತೆಲಂಗಾಣದ ಗಡಿಗೆ ಹೊಂದಿಕೊಂಡಿರುವುದರಿಂದ ಇಲ್ಲಿ ಇನ್ನೊಂದು ಎಚ್ಚರಿಕೆ ಅಗತ್ಯ. ಹೈದರಾಬಾದಿನ ಕಡೆಯಿಂದ ತಂದ ಹಳೆಯ ಕಾರು ಕಡಿಮೆ ಬೆಲೆಯದಾಗಿ ಕಾಣಬಹುದು. ಮೋಟಾರು ವಾಹನ ಕಾಯ್ದೆಯ 47ನೆಯ ಕಲಮಿನಂತೆ ಬೇರೆ ರಾಜ್ಯದಲ್ಲಿ ನೋಂದಣಿಯಾದ ವಾಹನವನ್ನು 12 ತಿಂಗಳಿಗಿಂತ ಹೆಚ್ಚು ಕಾಲ ಇಲ್ಲಿ ಇಟ್ಟುಕೊಂಡರೆ ಹೊಸ ನೋಂದಣಿ ಸಂಖ್ಯೆ ಪಡೆಯಬೇಕು. ಅದಕ್ಕೆ ಮೊದಲಿನ ಕಚೇರಿಯ ನಿರಾಕ್ಷೇಪಣಾ ಪತ್ರ ಬೇಕು, ಕರ್ನಾಟಕದ ತೆರಿಗೆಯನ್ನೂ ಕಟ್ಟಬೇಕು. ಇಷ್ಟೆಲ್ಲ ಸೇರಿಸಿ ಕಲಬುರಗಿಯ ಕೆ.ಎ. 32 ಸಂಖ್ಯೆ ಬರುವ ಹೊತ್ತಿಗೆ ಬೆಲೆಯ ಲಾಭ ಎಷ್ಟು ಉಳಿಯುತ್ತದೆಂದು ಮುಂಗಡ ಕೊಡುವ ಮೊದಲೇ ನೋಡಿಕೊಳ್ಳುವುದು ಲೇಸು.

ಕಾನೂನು

ವಾಹನದ ಫಲಕದ ಬಣ್ಣವೇ ಅದರ ಬಳಕೆಯನ್ನು ಹೇಳುತ್ತದೆ. ಬಿಳಿ ಫಲಕದ ಮೇಲೆ ಕಪ್ಪು ಅಕ್ಷರವಿದ್ದರೆ ಖಾಸಗಿ ಕಾರು. ಹಳದಿಯ ಮೇಲೆ ಕಪ್ಪು ಅಕ್ಷರವಿದ್ದರೆ ಟ್ಯಾಕ್ಸಿ. ಕಪ್ಪು ಫಲಕದ ಮೇಲೆ ಹಳದಿ ಅಕ್ಷರವಿದ್ದರೆ ಬಳಕೆದಾರರೇ ಓಡಿಸಲು ಬಾಡಿಗೆಗೆ ಕೊಡುವ ಕಾರು. ಮೂರನೆಯ ಬಗೆಗೆ ಆಧಾರ 1988ರ ಮೋಟಾರು ವಾಹನ ಕಾಯ್ದೆಯ 75ನೆಯ ಕಲಮು ಮತ್ತು ಅದರಡಿ ಬಂದ 1989ರ ‘ರೆಂಟ್ ಎ ಕ್ಯಾಬ್’ ಯೋಜನೆ. ಈ ಯೋಜನೆಯ ಪ್ರಕಾರ ಪರವಾನಗಿ ಕೇಳುವವರ ಬಳಿ ಅಖಿಲ ಭಾರತ ಪ್ರವಾಸಿ ಪರ್ಮಿಟ್ ಇರುವ ಕನಿಷ್ಠ 50 ಕಾರುಗಳಿರಬೇಕು, ಅವುಗಳಲ್ಲಿ ಅರ್ಧದಷ್ಟು ಹವಾನಿಯಂತ್ರಿತವಾಗಿರಬೇಕು. ನಿಲುಗಡೆ ಮತ್ತು ದುರಸ್ತಿಯ ಅನುಕೂಲವೂ ಹಗಲಿರುಳು ಉತ್ತರಿಸುವ ದೂರವಾಣಿಯೂ ಇರಬೇಕು. ಮೋಟಾರು ಸೈಕಲ್‌ಗಳಿಗಾಗಿ 1997ರಲ್ಲಿ ಬಂದ ಇಂಥದೇ ಯೋಜನೆಯಲ್ಲಿ ಕನಿಷ್ಠ ಸಂಖ್ಯೆ ಕೇವಲ 5.

ಈ 50ರ ಗಡಿಯು ಕಾರು ಹಂಚಿಕೆಯನ್ನು ಮಹಾನಗರಗಳ ಸೌಲಭ್ಯವಾಗಿಸಿದೆ ಎನ್ನಬಹುದು. 2011ರ ಜನಗಣತಿಯಲ್ಲಿ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಗಳಲ್ಲಿ ಯಾವುದರ ಜನಸಂಖ್ಯೆಯೂ ಒಂದು ಲಕ್ಷ ಮುಟ್ಟಿರಲಿಲ್ಲ. ಅಂಥ ಊರಿನಲ್ಲಿ ಎರಡು ಮೂರು ಕಾರುಗಳಿಂದ ಕಾನೂನುಬದ್ಧ ಹಂಚಿಕೆ ಕೇಂದ್ರ ತೆರೆಯಲು ಈ ಯೋಜನೆಯಲ್ಲಿ ದಾರಿಯಿಲ್ಲ.

ದಾರಿಯಿಲ್ಲದ ಕಡೆ ಕಾಲುದಾರಿ ಬೀಳುತ್ತದೆ. ಪರಿಚಯದವರ ಬಿಳಿ ಫಲಕದ ಕಾರನ್ನು ದಿನಕ್ಕಿಷ್ಟು ಎಂದು ಕೊಟ್ಟು ಒಯ್ಯುವುದು, ಡೀಸೆಲ್ ಹಾಕಿಸಿ ಕೈಗೆ ಒಂದಿಷ್ಟು ಕೊಡುವುದು ಸಣ್ಣ ಊರುಗಳಲ್ಲಿ ಕಾಣುವ ರೂಢಿ. ಎಲ್ಲವೂ ಸುಸೂತ್ರವಾಗಿರುವವರೆಗೆ ಇದರಲ್ಲಿ ತೊಡಕು ಕಾಣುವುದಿಲ್ಲ. ಅಪಘಾತವಾದಾಗ ಮಾತ್ರ ವಿಮಾ ಪತ್ರದ ಷರತ್ತು ಎದುರಾಗುತ್ತದೆ: ಖಾಸಗಿ ಕಾರಿನ ವಿಮೆ ಬಾಡಿಗೆ ಅಥವಾ ಪ್ರತಿಫಲಕ್ಕಾಗಿ ಮಾಡಿದ ಬಳಕೆಗೆ ಅನ್ವಯಿಸುವುದಿಲ್ಲ. ಕಾರಿನ ಹಾನಿಯ ಪರಿಹಾರವನ್ನು ಕಂಪನಿ ನಿರಾಕರಿಸಬಹುದು. ಗಾಯಗೊಂಡ ಅಥವಾ ಮೃತಪಟ್ಟ ಮೂರನೆಯ ವ್ಯಕ್ತಿಯ ಕಡೆಯವರಿಗೆ ವಿಮಾ ಕಂಪನಿಯೇ ಮೊದಲು ಪರಿಹಾರ ಕೊಟ್ಟು, ಬಳಿಕ ಆ ಹಣವನ್ನು ಮಾಲೀಕನಿಂದ ವಸೂಲು ಮಾಡಿಕೊಳ್ಳಲಿ ಎಂದು ನ್ಯಾಯಾಲಯಗಳು ಆದೇಶಿಸುವುದುಂಟು. ಆ ಮೊತ್ತ ಹಲವು ಲಕ್ಷವಾಗಬಹುದು. ಸಾವಿರ ರೂಪಾಯಿ ಬಾಡಿಗೆಗಾಗಿ ಮಾಲೀಕನು ಪಣಕ್ಕಿಡುವುದು ತನ್ನ ಹೊಲಮನೆಯನ್ನು. ಪರ್ಮಿಟ್ ಇಲ್ಲದೆ ಬಾಡಿಗೆಗೆ ಓಡಿಸಿದರೆ 192ಎ ಕಲಮಿನಡಿ 10,000 ರೂಪಾಯಿ ದಂಡ ಮತ್ತು ಮೊದಲ ಅಪರಾಧಕ್ಕೆ 6 ತಿಂಗಳವರೆಗೆ ಸೆರೆವಾಸವಿದೆ.

ಹಣ ಪಡೆಯದೆ ನೆಂಟರಿಗೆ ಕಾರು ಕೊಡುವುದಕ್ಕೆ ಅಡ್ಡಿಯಿಲ್ಲ, ಓಡಿಸುವವರಿಗೆ ಊರ್ಜಿತ ಲೈಸೆನ್ಸ್ ಇರಬೇಕು ಅಷ್ಟೆ. ಹದಿನೆಂಟು ತುಂಬದ ಹುಡುಗನ ಕೈಗೆ ಕೀಲಿ ಕೊಟ್ಟರೆ 2019ರ ತಿದ್ದುಪಡಿಯಂತೆ ಪೋಷಕರಿಗೆ ಅಥವಾ ವಾಹನದ ಮಾಲೀಕರಿಗೆ 25,000 ರೂಪಾಯಿ ದಂಡ, 3 ವರ್ಷದವರೆಗೆ ಸೆರೆವಾಸ. ವಾಹನದ ನೋಂದಣಿಯೂ 12 ತಿಂಗಳ ಕಾಲ ರದ್ದಾಗುತ್ತದೆ.

ಸವಾರಿ ಹಂಚಿಕೆಯ ಸ್ಥಿತಿ ಸ್ವಲ್ಪ ಭಿನ್ನ. ಕೇಂದ್ರ ಸರ್ಕಾರವು 2020ರ ನವೆಂಬರ್‌ನಲ್ಲಿ ಹೊರಡಿಸಿದ ಮಾರ್ಗಸೂಚಿಯು ಖಾಸಗಿ ಕಾರಿನಲ್ಲಿ ನಗರದೊಳಗೆ ದಿನಕ್ಕೆ 4 ಮತ್ತು ಊರಿಂದೂರಿಗೆ ವಾರಕ್ಕೆ 2 ಹಂಚಿಕೆಯ ಸವಾರಿಗಳಿಗೆ ಅವಕಾಶ ಸೂಚಿಸಿ, ನಿರ್ಧಾರವನ್ನು ರಾಜ್ಯಗಳಿಗೆ ಬಿಟ್ಟಿತು. 2023ರಲ್ಲಿ ಬೆಂಗಳೂರಿನಲ್ಲಿ ಆ್ಯಪ್‌ಗಳ ಮೂಲಕ ಬಿಳಿ ಫಲಕದ ಕಾರುಗಳಲ್ಲಿ ನಡೆಯುವ ಸವಾರಿ ಹಂಚಿಕೆ ಟ್ಯಾಕ್ಸಿ ಚಾಲಕರ ವಿರೋಧಕ್ಕೆ ಗುರಿಯಾಗಿ ವಿವಾದವಾಗಿತ್ತು. ಒಂದೇ ಕಾರ್ಖಾನೆಗೆ ಹೋಗುವ ಸಹೋದ್ಯೋಗಿಗಳು ಪೆಟ್ರೋಲ್ ಹಂಚಿಕೊಳ್ಳುವುದನ್ನೂ ಅಪರಿಚಿತರಿಂದ ಲಾಭಕ್ಕಾಗಿ ದರ ಪಡೆಯುವುದನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು.

ಐದು ಪಟ್ಟಣಗಳಲ್ಲಿ ಆಯ್ಕೆ

ಈ ಭಾಗದಲ್ಲಿ ಕಾರಿಗೆ ಪ್ರತಿಸ್ಪರ್ಧಿ ಹಂಚಿಕೆಯ ಕಾರಲ್ಲ. ರೈಲು, ಬಸ್ಸು, ಟಂಟಂ ಮತ್ತು ಕ್ರೂಸರ್. ಶಹಾಬಾದ್ ಮತ್ತು ವಾಡಿ ಮುಂಬಯಿ–ಚೆನ್ನೈ ಮುಖ್ಯ ಮಾರ್ಗದಲ್ಲಿವೆ. ವಾಡಿಯಿಂದ ಕವಲೊಡೆದು ಸಿಕಂದರಾಬಾದಿಗೆ ಹೋಗುವ ಮಾರ್ಗವು ನಿಜಾಮರ ಕಾಲದಲ್ಲಿ, 1874ರಲ್ಲಿ ಆರಂಭವಾದದ್ದು. ಚಿತ್ತಾಪುರ ಮತ್ತು ಸೇಡಂ ಆ ಮಾರ್ಗದಲ್ಲಿವೆ. ಚಿಂಚೋಳಿಗೆ ರೈಲಿಲ್ಲ. ಆದ್ದರಿಂದ ಒಂದೇ ಆದಾಯದ, ಒಂದೇ ಗಾತ್ರದ ಎರಡು ಕುಟುಂಬಗಳಿಗೆ ಶಹಾಬಾದಿನಲ್ಲಿ ಅನಗತ್ಯವಾದ ಕಾರು ಚಿಂಚೋಳಿಯಲ್ಲಿ ಅಗತ್ಯವಾಗಬಹುದು.

ಬಸ್ ಸೇವೆ ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮದ್ದು. 2023ರ ಜೂನ್ 11ರಂದು ಜಾರಿಗೆ ಬಂದ ‘ಶಕ್ತಿ’ ಯೋಜನೆಯಡಿ ರಾಜ್ಯದ ಮಹಿಳೆಯರಿಗೆ ಸಾಮಾನ್ಯ ಬಸ್ಸುಗಳಲ್ಲಿ ಪ್ರಯಾಣ ಉಚಿತವಾದ ಮೇಲೆ ಕುಟುಂಬದ ಪ್ರಯಾಣ ವೆಚ್ಚದ ಲೆಕ್ಕವೇ ಬದಲಾಯಿತು. ತಾಯಿ, ಮಗಳು, ಸೊಸೆ ಮೂವರೂ ಟಿಕೆಟಿಗೆ ಹಣ ಕೊಡದೆ ಕಲಬುರಗಿಗೆ ಹೋಗಿಬರುವ ಮನೆಯಲ್ಲಿ ದಿನನಿತ್ಯದ ಓಡಾಟಕ್ಕೆಂದು ಕಾರು ಕೊಳ್ಳುವುದನ್ನು ಹಣದ ಆಧಾರದ ಮೇಲೆ ಸಮರ್ಥಿಸುವುದು ಕಷ್ಟ.

ಕಾರು ಬೇಕೆನಿಸುವುದು ಬೇರೆ ಸಂದರ್ಭಗಳಲ್ಲಿ: ಕೊನೆಯ ಬಸ್ಸು ಹೋದ ಮೇಲೆ ಬರುವ ಕಾಯಿಲೆ, ಮದುವೆ, ಅಮಾವಾಸ್ಯೆ ಹುಣ್ಣಿಮೆಗೆ ಗಾಣಗಾಪುರ, ಮಳಖೇಡದ ಜಯತೀರ್ಥರ ಬೃಂದಾವನ, ಸನ್ನತಿಯ ಚಂದ್ರಲಾಂಬೆಯ ದರ್ಶನ. ಇವುಗಳಲ್ಲಿ ಕಾಯಿಲೆಯನ್ನು ಬಿಟ್ಟು ಉಳಿದವು ಮೊದಲೇ ಗೊತ್ತಿರುವ ದಿನಗಳು. ಹಳದಿ ಫಲಕದ ಕಾರನ್ನೋ ಕ್ರೂಸರನ್ನೋ ಮುಂಚಿತವಾಗಿ ಗೊತ್ತುಮಾಡಬಹುದು. ಹತ್ತು ಹನ್ನೆರಡು ಜನರ ಕುಟುಂಬಕ್ಕೆ ಅಗ್ಗದ ಕಾರಿನಲ್ಲಿ ಜಾಗವೇ ಸಾಲದು ಎಂಬುದನ್ನು ಕೊಳ್ಳುವಾಗ ಬಹಳ ಜನ ಗಮನಿಸುವುದಿಲ್ಲ. ಬಾಡಿಗೆ ಗೊತ್ತುಮಾಡುವಾಗ ಕಿಲೋಮೀಟರಿನ ದರವನ್ನಷ್ಟೇ ಕೇಳದೆ ದಿನದ ಕನಿಷ್ಠ ಕಿಲೋಮೀಟರ್, ಚಾಲಕನ ಬಾಟಾ, ರಾತ್ರಿ ತಂಗುವ ಖರ್ಚು, ಗಡಿ ದಾಟಿದರೆ ಪರ್ಮಿಟ್ ತೆರಿಗೆ ಇವನ್ನೂ ಕೇಳಬೇಕು.

ರಾತ್ರಿಯ ಕಾಯಿಲೆಯ ಪ್ರಶ್ನೆಯೇ ಅನೇಕ ಮನೆಗಳಲ್ಲಿ ಕಾರು ಕೊಳ್ಳಲು ನಿಜವಾದ ಕಾರಣ, ಅದನ್ನು ಹಗುರಾಗಿ ಕಾಣುವಂತಿಲ್ಲ. ಹೃದಯಾಘಾತ, ಕಷ್ಟದ ಹೆರಿಗೆ, ಹಾವಿನ ಕಡಿತಗಳಲ್ಲಿ ದೊಡ್ಡ ಆಸ್ಪತ್ರೆಗಾಗಿ ಕಲಬುರಗಿಯತ್ತಲೇ ಹೋಗಬೇಕಾಗುತ್ತದೆ. 2008ರ ನವೆಂಬರ್‌ನಿಂದ ರಾಜ್ಯದಲ್ಲಿರುವ 108 ಆಂಬುಲೆನ್ಸ್ ಸೇವೆ ಉಚಿತ, ದಾರಿಯಲ್ಲಿ ಪ್ರಥಮ ಚಿಕಿತ್ಸೆಯೂ ಅದರಲ್ಲಿ ದೊರೆಯುತ್ತದೆ. ಕಾರಿದ್ದರೂ ಮೊದಲು ಆ ಸಂಖ್ಯೆಗೆ ಕರೆ ಮಾಡುವುದು ಉಚಿತ. ಮನೆಯಲ್ಲಿ ಓಡಿಸಬಲ್ಲವರು ಒಬ್ಬರೇ ಇದ್ದು, ಅವರೇ ರೋಗಿಯಾದರೆ ಅಂಗಳದ ಕಾರು ಉಪಯೋಗಕ್ಕೆ ಬಾರದು. ಡಯಾಲಿಸಿಸ್‌ನಂತೆ ವಾರಕ್ಕೆರಡು ಮೂರು ಸಲ ಹೋಗಲೇಬೇಕಾದ ಚಿಕಿತ್ಸೆಯಿದ್ದರೆ ಮಾತ್ರ ಲೆಕ್ಕ ತಿರುಗುತ್ತದೆ. ಆಗ ವರ್ಷಕ್ಕೆ ನೂರಕ್ಕೂ ಹೆಚ್ಚು ದಿನಗಳ ಬಳಕೆಯಾಗುವುದರಿಂದ ಹಳೆಯದಾದರೂ ಸ್ವಂತ ಕಾರು ಬಾಡಿಗೆಗಿಂತ ಅಗ್ಗವಾಗುತ್ತದೆ.

ಸುರಕ್ಷತೆ

ವಾಡಿ, ಸೇಡಂ ಮತ್ತು ಮಳಖೇಡ ಸಿಮೆಂಟ್ ಕಾರ್ಖಾನೆಗಳ ಊರುಗಳು. ಶಹಾಬಾದ್ ಹಾಸುಗಲ್ಲಿಗೆ ಹೆಸರಾದದ್ದು. ಸಿಮೆಂಟ್ ಮತ್ತು ಕಲ್ಲಿನ ಲಾರಿಗಳ ನಡುವೆ ಹಗುರವಾದ ಸಣ್ಣ ಕಾರು ಓಡಬೇಕಾದ ರಸ್ತೆಗಳಿವು. 2014ರ ಜನವರಿಯಲ್ಲಿ ‘ಗ್ಲೋಬಲ್ ಎನ್‌ಕ್ಯಾಪ್’ ಸಂಸ್ಥೆ ನಡೆಸಿದ ಡಿಕ್ಕಿ ಪರೀಕ್ಷೆಯಲ್ಲಿ ಆಲ್ಟೊ 800, ನ್ಯಾನೊ ಸೇರಿದಂತೆ ಭಾರತದ ಐದು ಸಣ್ಣ ಕಾರುಗಳ ಮೂಲ ಮಾದರಿಗಳು ವಯಸ್ಕರ ರಕ್ಷಣೆಯಲ್ಲಿ ಸೊನ್ನೆ ಅಂಕ ಪಡೆದವು. ಚಾಲಕನ ಏರ್‌ಬ್ಯಾಗ್ 2019ರ ಜುಲೈನಿಂದ ಕಡ್ಡಾಯವಾಯಿತು. ಮುಂದಿನ ಸಹಪ್ರಯಾಣಿಕನ ಏರ್‌ಬ್ಯಾಗ್ 2021ರ ಅಂತ್ಯದೊಳಗೆ ಎಲ್ಲ ಮಾದರಿಗಳಿಗೂ ಕಡ್ಡಾಯವಾಯಿತು. ದೇಶದ್ದೇ ಆದ ‘ಭಾರತ್ ಎನ್‌ಕ್ಯಾಪ್’ ಪರೀಕ್ಷೆ 2023ರ ಅಕ್ಟೋಬರ್ 1ರಿಂದ ಜಾರಿಯಲ್ಲಿದೆ. ಹಾಗಾಗಿ ಲಕ್ಷ, ಒಂದೂವರೆ ಲಕ್ಷಕ್ಕೆ ದೊರೆಯುವ 2019ಕ್ಕಿಂತ ಹಿಂದಿನ ಮೂಲ ಮಾದರಿಯ ಕಾರಿನಲ್ಲಿ ಏರ್‌ಬ್ಯಾಗ್ ಇಲ್ಲದಿರುವ ಸಾಧ್ಯತೆಯೇ ಹೆಚ್ಚು. ಕೊಳ್ಳುವ ಮುನ್ನ ತಯಾರಾದ ತಿಂಗಳು ಮತ್ತು ವರ್ಷವನ್ನು ನೋಂದಣಿ ಪತ್ರದಲ್ಲಿ ನೋಡಬಹುದು. ಏರ್‌ಬ್ಯಾಗ್ ಇದ್ದರೆ ಸ್ಟಿಯರಿಂಗ್ ಮೇಲೆ ಅದರ ಗುರುತು ಇರುತ್ತದೆ.